ಕುರಿಗಳಿಗೆ ಪಂಕ್ತಿಭೇದ

ವಿಜ್ಞಾನವೆಂಬುದು ಮನುಷ್ಯನ ನಿಷ್ಕಾಮ ಸತ್ಯಾನ್ವೇಷಣೆಯ ಫಲ. ರಾಗದ್ವೇಷಗಳನ್ನು ಮೀರಿದ ಚಿತ್ತಕ್ಕೆ ಮಾತ್ರ ಪ್ರಕೃತಿ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಹೀಗೆಂದು ನಾನು ನಿವೃತ್ತನಾದ ಮೇಲೆ ಕೆಲವು ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಭಾಷಣ ಮಾಡಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟಿದ್ದಾರೆ. ಆದರೆ ನಾನು ಸ್ವತಃ ಮಾಡಿದ ಒಂದೇ ಒಂದು ವಿಜ್ಞಾನದ ಕೆಲಸ ಹುಟ್ಟಿದ್ದು ಒಬ್ಬ ಮನುಷ್ಯನ ಮೋರೆ ಸಣ್ಣದಾಗುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ.

ಎಪ್ಪತ್ತರ ದಶಕದ ಮಾತು. ನಾನು ಬೀಳಗಿಯ ದನದ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ಅನಗವಾಡಿಯ ಆಸುಪಾಸು, ಹೊಳೆಯ ದಂಡೆಗೆ, ಕುರಿಗಾರರ ಹಟ್ಟಿಗಳಿದ್ದವು. ಹೊಳೆ ಇಳಿದ ಮೇಲೆ ದಂಡೆಯ ಜವುಗಿನಲ್ಲಿ ಮಾತ್ರ ಹಸಿರು ಉಳಿಯುತ್ತದೆ. ಆ ಹಸಿರಿನೊಳಗೆ ಉಗುರಿಗಿಂತ ಸಣ್ಣ ಬಸವನಹುಳುಗಳಿರುತ್ತವೆ. ಅವುಗಳಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ ಎಲೆಯಾಕಾರದ ಒಂದು ಹುಳು ಹೋಗಿ ಕಾರ್ಜದಲ್ಲಿ, ಅಂದರೆ ಯಕೃತ್ತಿನಲ್ಲಿ, ಮನೆ ಮಾಡುತ್ತದೆ. ಕುರಿ ಸೊರಗುತ್ತದೆ. ಕಣ್ಣಿನ ಒಳರೆಪ್ಪೆ ಸುಣ್ಣದಂತಾಗುತ್ತದೆ. ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬೀಳುತ್ತದೆ. ಆಮೇಲೆ ಸಾಯುತ್ತದೆ. ಇದಕ್ಕೆ ಸರಕಾರದಿಂದ ಒಂದು ಔಷಧ ಬರುತ್ತಿತ್ತು. ಅದರ ರಾಸಾಯನಿಕ ಹೆಸರು ನಾಲಿಗೆಗೆ ಒಂದು ವ್ಯಾಯಾಮ. ನೋಡಲು ಬಿಳಿ, ಮೂಸಿದರೆ ಕರ್ಪೂರದ ವಾಸನೆ. ನಾವು ಬಿಳಿ ಔಷಧ ಎನ್ನುತ್ತಿದ್ದೆವು. ಅಂಗಡಿಗಳಲ್ಲಿ ಅದು ಸಿಗುತ್ತಿರಲಿಲ್ಲ. ದವಾಖಾನೆಗೆ ಬಂದರೆ ಉಂಟು, ಬಾರದಿದ್ದರೆ ಇಲ್ಲ.

ಆ ವರ್ಷ ನಮಗೆ ಹೊಸ ಮೇಲಧಿಕಾರಿ ಬಂದರು. ಅವರನ್ನು ದೊಡ್ಡ ಸಾಹೇಬರು ಎನ್ನುತ್ತೇನೆ. ಮೈಸೂರು ಕಡೆಯವರು, ಎತ್ತರದ ಆಳು, ಶುದ್ಧಹಸ್ತರು. ಲಂಚ ಮುಟ್ಟಿದವರಲ್ಲ, ಮುಟ್ಟಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವರಿಗಿದ್ದ ವ್ಯಸನ ಒಂದೇ, ಅವರೇ ಕಂಡುಹಿಡಿದ ಒಂದು ಕಪ್ಪು ಪುಡಿ. ಯಾವುದೋ ತೊಗಟೆ, ಯಾವುದೋ ಬೀಜ, ಒಂದಿಷ್ಟು ಸುಟ್ಟ ಸುಣ್ಣ. ಕಾರ್ಜದ ಹುಳುವಿಗೆ ಇದಕ್ಕಿಂತ ಮೇಲಾದದ್ದು ಲೋಕದಲ್ಲಿಲ್ಲ ಎಂದು ಅವರು ನಂಬಿದ್ದರು. ಹಿಂದಿನ ಊರಿನ ಕುರಿಗಾರರು ಹೆಬ್ಬೆಟ್ಟು ಒತ್ತಿ ಕೊಟ್ಟ ಪ್ರಶಂಸಾಪತ್ರಗಳ ಒಂದು ಕಟ್ಟು ಅವರ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. ಬಂದ ಹೊಸತರಲ್ಲೇ ಅವರು ಬಿಳಿ ಔಷಧದ ಬೇಡಿಕೆಯನ್ನು ಸುತ್ತಿನ ಎಲ್ಲ ದವಾಖಾನೆಗಳಿಂದ ಹೊಡೆದುಹಾಕಿ ಪುಡಿಯನ್ನು ಹಂಚಿದರು.

ಜಮಖಂಡಿಯ ಪ್ರವಾಸಿ ಬಂಗಲೆಯಲ್ಲಿ ಸಭೆ ಸೇರಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಡಾಕ್ಟರುಗಳು, ಕಂಪೌಂಡರುಗಳು ಎಲ್ಲ ಇದ್ದೆವು. ಸಾಹೇಬರು ಪುಡಿಯ ಮಹಿಮೆಯನ್ನು ವಿವರಿಸಿ ಮುಗಿಸಿದ ಮೇಲೆ ನಾನು ಎದ್ದು ಒಂದೇ ಪ್ರಶ್ನೆ ಕೇಳಿದೆ. "ಸಾರ್, ಪುಡಿ ಕೊಡದೆ ಬಿಟ್ಟ ಕುರಿಗಳು ಏನಾದವು? ಅವೂ ಸುಧಾರಿಸಿದವೋ, ಹೇಗೆ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಡಾಕ್ಟರೇ, ನಿಮ್ಮ ತಂದೆಯವರು ನಿಮ್ಮ ತಂದೆಯವರೇ ಅನ್ನೋದನ್ನ ಯಾವ ಟೆಸ್ಟ್ ಮಾಡಿಸಿ ತಿಳ್ಕೊಂಡ್ರಿ?"

ಮುಂದಿನ ಸಾಲಿನವರು ತಿರುಗಿ ನನ್ನನ್ನು ನೋಡಿದರು. ಸಾಹೇಬರು ಕನ್ನಡಕ ಹಾಕಿಕೊಂಡರು.

"ಹೇಳಿ ಪರವಾಗಿಲ್ಲ. ತಾಯಿ ಹೇಳಿದ್ರು, ನೀವು ನಂಬಿದ್ರಿ. ಅಲ್ವೇ? ಲೋಕ ನಡೆಯೋದು ನಂಬಿಕೆ ಮೇಲೆ ಕಣ್ರೀ. ಕೂತ್ಕೊಳ್ಳಿ."

ಎಲ್ಲರೂ ನಕ್ಕರು. ಕಂಪೌಂಡರುಗಳೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಮುಧೋಳದ ಡಾಕ್ಟರ್. ಅವನದು ಹೊಟ್ಟೆಯಿಂದ ಹೊರಟು ಮೂಗಿನಿಂದ ಹೊರಬರುವ ನಗೆ. ಅವನು ಸಾಹೇಬರ ಮೆಚ್ಚಿನ ಶಿಷ್ಯ. ಅಂದಿನಿಂದ ನನಗೆ ಟೆಸ್ಟ್ ಡಾಕ್ಟರ್ ಎಂದು ಹೆಸರಾಯಿತು. ವರ್ಷದ ಕೊನೆಗೆ ನನ್ನ ಗುಪ್ತ ವರದಿಯಲ್ಲಿ ಸಾಹೇಬರು "ಮೇಲಧಿಕಾರಿಗಳಲ್ಲಿ ವಿಶ್ವಾಸವಿಲ್ಲದ ಸ್ವಭಾವ" ಎಂದು ಬರೆದಿದ್ದಾರೆಂದು ಕಚೇರಿಯ ಗುಮಾಸ್ತರೊಬ್ಬರು ಸಂತಾಪ ಸೂಚಿಸುವ ಧ್ವನಿಯಲ್ಲಿ ತಿಳಿಸಿದರು. ಅವಮಾನವನ್ನು ಮರೆಯುವುದು ದೊಡ್ಡವರ ಲಕ್ಷಣ. ನಾನು ಅದನ್ನು ದಿನಾಲೂ ಬೆಳಿಗ್ಗೆ ಚಹಾದ ಜೊತೆ ನೆನಪು ಮಾಡಿಕೊಳ್ಳುತ್ತಿದ್ದೆ.

ಸೇಡಿಗೆ ದಾರಿ ತೋರಿಸಿದವನು ಅನಗವಾಡಿ ಹತ್ತಿರದ ಒಂದು ಹಟ್ಟಿಯ ಮುದುಕ. ಅವನನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರ. ಕುರಿಗಾರರ ದೇವರು ಬೀರಪ್ಪನ ಮೇಲೆ ಎಷ್ಟು ಭಕ್ತಿಯೋ ಸರಕಾರದ ಮೇಲೆ ಅಷ್ಟೇ ಸಂಶಯ. ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು ದವಾಖಾನೆಯ ಕಟ್ಟೆಯ ಮೇಲೆ ಇಳಿಸಿದ.

"ಇದರ ಗದ್ದ ನೋಡ್ರಿ ಸಾಹೇಬ್ರ. ನೀವು ಕೊಟ್ಟ ಕರೀ ಪುಡಿ ಹಾಕಾಕತ್ತೇವಿ. ಗದ್ದ ಇಳಿವಲ್ದು."

"ಬಿಳೀ ಔಷಧ ಬರೂದು ನಿಂತೈತಿ ಮುತ್ಯಾ."

"ಯಾಕ ನಿಂತತಿ?"

"ಮ್ಯಾಲಿನವರು ನಿಲ್ಲಿಸ್ಯಾರ."

"ಅವರ ಕುರಿ ಎಲ್ಲಿ ಮೇಯತಾವ್ರಿ?" ಎಂದ ಮುದುಕ. ಕಂಪೌಂಡರ್ ನಕ್ಕ. ನಾನು ನಗಲಿಲ್ಲ. ಕುರಿಯ ಕಣ್ಣಿನ ರೆಪ್ಪೆ ಮಗುಚಿ ನೋಡಿದೆ, ಒಂದು ಹನಿ ರಕ್ತ ಇಲ್ಲದಂತಿತ್ತು. ಮುತ್ಯಾನ ಹಟ್ಟಿಯಲ್ಲಿ ಮರಿಗಳನ್ನೂ ಬೀರಪ್ಪನಿಗೆ ಬಿಟ್ಟ ಟಗರನ್ನೂ ಬಿಟ್ಟರೆ ಅರವತ್ತು ಕುರಿ. ಅವನ ಮನೆತನವೆಲ್ಲ ಆ ಅರವತ್ತರ ಮೇಲೆ ನಿಂತಿತ್ತು. ಬಿಳಿ ಔಷಧ ಮತ್ತೆ ಬರದಿದ್ದರೆ ಅವು ಒಂದೊಂದಾಗಿ ಹೀಗೆಯೇ ಹೋಗುವುದು ಖಚಿತ ಎಂದು ನಾನು ನಂಬಿದ್ದೆ. ಗಮನಿಸಬೇಕು, ನಾನೂ ನಂಬಿದ್ದೆ ಅಷ್ಟೆ.

ಸರಿ, ಪುಡಿಯನ್ನು ಪರೀಕ್ಷೆಗೆ ಒಡ್ಡೋಣ ಎಂದು ತೀರ್ಮಾನಿಸಿದೆ. ಅರ್ಧ ಹಿಂಡಿಗೆ ಪುಡಿ, ಅರ್ಧಕ್ಕೆ ಇಲ್ಲ. ಎರಡು ಕಡೆಯ ಹಿಕ್ಕೆಯಲ್ಲೂ ಹುಳುವಿನ ಮೊಟ್ಟೆ ಎಣಿಸುವುದು.

ಮೊಟ್ಟೆ ಎಣಿಸುವ ವಿಧಾನ ಸರಳ, ಆದರೆ ಗೌರವಯುತವಲ್ಲ. ಪ್ರತಿ ಕುರಿಯ ಹಿಕ್ಕೆ ಬೇರೆ ಬೇರೆ ತೆಗೆದು ನೀರಿನಲ್ಲಿ ಕಿವುಚಬೇಕು, ಸೋಸಬೇಕು, ಗಾಜಿನ ಲೋಟದಲ್ಲಿ ಬಿಡಬೇಕು. ಬೇರೆ ಹುಳುಗಳ ಮೊಟ್ಟೆ ಉಪ್ಪುನೀರಿನಲ್ಲಿ ತೇಲುತ್ತವೆ. ಕಾರ್ಜದ ಹುಳುವಿನ ಮೊಟ್ಟೆ ಭಾರ, ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಚೆಲ್ಲಿ ಹೊಸ ನೀರು ಹಾಕಬೇಕು, ಮತ್ತೆ ಇಳಿಯಲು ಬಿಡಬೇಕು. ನೀರು ತಿಳಿಯಾಗುವ ತನಕ ಇದೇ ಪಾರಾಯಣ. ಕೊನೆಗೆ ತಳದಲ್ಲಿ ಉಳಿದದ್ದಕ್ಕೆ ಒಂದು ಹನಿ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಸವೆಲ್ಲ ನೀಲಿಯಾಗುತ್ತದೆ, ಮೊಟ್ಟೆ ಮಾತ್ರ ಬಣ್ಣ ಹಿಡಿಯದೆ ಬಂಗಾರದ ಕಾಳಿನಂತೆ ಹೊಳೆಯುತ್ತದೆ. ನಮ್ಮ ಸೂಕ್ಷ್ಮದರ್ಶಕಕ್ಕೆ ದೀಪವಿರಲಿಲ್ಲ, ಕನ್ನಡಿ ಇತ್ತು. ಹೀಗಾಗಿ ಕಿಟಕಿಯ ಬಿಸಿಲು ಸರಿದಂತೆ ಮೇಜು, ಕುರ್ಚಿ, ನಾನು ಮೂವರೂ ಸರಿಯುತ್ತಿದ್ದೆವು. ಸೋಸಲು ದವಾಖಾನೆಯಲ್ಲಿ ಜರಡಿ ಇರಲಿಲ್ಲವಾದ್ದರಿಂದ ಮನೆಯ ಚಹಾ ಜರಡಿಯನ್ನು ಒಯ್ದೆ. ನನ್ನ ಹೆಂಡತಿ ಒಂದೇ ಮಾತು ಹೇಳಿದಳು. "ಅದು ಹೊಳ್ಳಿ ಈ ಹೊಸ್ತಿಲಾ ದಾಟಬಾರದು. ನೀವು ದಾಟಬೇಕಂದ್ರ ಮೊದಲ ಜಳಕಾ ಮಾಡ್ರಿ."

ಮೊದಲ ತೊಡಕು ಗುರುತಿನದು. ನಮ್ಮ ಕಡೆಯ ಕುರಿ ಕಪ್ಪು. ಮೈಮೇಲೆ ಬಣ್ಣ ಬಳಿದರೆ ಕುರಿಗೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ. ಬನಹಟ್ಟಿಗೆ ಹೋಗಿ ಪರಿಚಯದ ನೇಕಾರನೊಬ್ಬನಿಂದ ಕೆಂಪು, ಹಳದಿ ನೂಲಿನ ಲಡಿ ತಂದು ಹುರಿ ಮಾಡಿ ಕುರಿಗಳ ಕೊರಳಿಗೆ ಕಟ್ಟಿದೆ. ಮರುದಿನ ಹೋಗಿ ನೋಡಿದರೆ ಅರ್ಧಕ್ಕರ್ಧ ಕೊರಳು ಬರಿದು. ಕುರಿಗಳು ಒಂದರ ಕೊರಳಿನದನ್ನು ಇನ್ನೊಂದು ತಿಂದುಹಾಕಿದ್ದವು. ನೇಕಾರನ ಹತ್ತಿರ ಹೋಗಿ ದೂರಿದರೆ ಅವನಿಗೆ ನಗು ತಡೆಯಲಾಗಲಿಲ್ಲ.

"ಗಂಜಿ ಹಾಕಿದ ನೂಲರಿ ಅದು! ಮಗ್ಗಕ್ಕ ಏರಸಾಕ ಮಾಡಿಟ್ಟಿದ್ದೆ. ಗಂಜಿ ಅಂದ್ರ ಹಿಟ್ಟ ಅಲ್ರೇನು, ಕುರಿ ಯಾಕ ಬಿಟ್ಟೀತು? ಮುಂದಿನ ಸರ್ತಿ ಹೇಳ್ರಿ, ಒಂದೀಟು ಖಾರ ಹಚ್ಚಿ ಕೊಡತೇನಿ."

ಖಾರ ಹಚ್ಚಲಿಲ್ಲ. ಗಂಜಿ ತೊಳೆಸಿ, ಬೇವಿನೆಣ್ಣೆಯಲ್ಲಿ ಅದ್ದಿ ಕಟ್ಟಿದೆ. ಆಮೇಲೆ ಯಾವ ಕುರಿಯೂ ಬಾಯಿ ಹಾಕಲಿಲ್ಲ.

ಎರಡನೆಯ ತೊಡಕು ಮುತ್ಯಾ. ಯಾವ ಕುರಿಗೆ ಪುಡಿ, ಯಾವುದಕ್ಕಿಲ್ಲ ಎಂಬುದನ್ನು ನಾನೂ ಆರಿಸಬಾರದು, ಅವನೂ ಆರಿಸಬಾರದು. ಜಾಲಿಮುಳ್ಳಿನ ಬೇಲಿಯ ಕಿಂಡಿಯಿಂದ ಕುರಿ ಒಂದೊಂದಾಗಿ ಹೊರಬರುವಾಗ ಒಂದಕ್ಕೆ ಕೆಂಪು, ಮುಂದಿನದಕ್ಕೆ ಹಳದಿ ಎಂದು ಕಟ್ಟುತ್ತ ಹೋದೆವು.

"ಸೊರಗಿದವಕ್ಕ ಔಷಧ ಹಾಕ್ರಿ. ಗಟ್ಟಿ ಇದ್ದವಕ್ಕ ಯಾಕ?" ಎಂದ ಮುತ್ಯಾ.

"ಹಂಗ ಆರಿಸಿದ್ರ ಔಷಧ ಸೋತತೋ, ಸೊರಗಿದ ಕುರಿ ಸೋತತೋ ತಿಳಿಯೂದಿಲ್ಲ."

"ಡಾಕ್ಟರ್ ಆಗಿ ನಿಮಗ ತಿಳಿಯೂದಿಲ್ಲೇನು?"

"ಇಲ್ಲ ಮುತ್ಯಾ."

"ಮತ್ತ ಪಗಾರ ಯಾಕ ಕೊಡತಾರ?" ನಾನು ಮುಂದಿನ ಕುರಿಯ ಕೊರಳಿಗೆ ಹಳದಿ ಕಟ್ಟಿದೆ.

ಪುಡಿಯನ್ನು ನೀರಿನಲ್ಲಿ ಕದಡಿ ಬಿದಿರಿನ ಗೊಟ್ಟದಿಂದ ಕುರಿಯ ಗಂಟಲಿಗೆ ಹಾಕಬೇಕು. ಸಾಹೇಬರ ಅಪ್ಪಣೆಯಂತೆ ಕೆಲವು ದಿನ ಬಿಡದೆ ಹಾಕಬೇಕಿತ್ತು. ಮೊದಲ ದಿನ ನಾನೇ ಹಾಕಿದೆ. ಉಳಿದದ್ದನ್ನು ಮುತ್ಯಾನ ಹೆಂಡತಿಗೆ ಒಪ್ಪಿಸಿ, ಕೆಂಪು ನೂಲಿನವಕ್ಕೆ ಮಾತ್ರ ಎಂದು ನಾಲ್ಕು ಸಲ ಹೇಳಿ ಬಂದೆ. ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ನಾಲ್ಕು ಸಲವೂ ಆಯಿ "ಹೂಂ ಎಪ್ಪಾ" ಎಂದಳು.

ಹುಳು ಸಾಯಲು, ಹೊಟ್ಟೆಯಲ್ಲಿದ್ದ ಮೊಟ್ಟೆ ಖಾಲಿಯಾಗಲು ಸಾಕಷ್ಟು ಕಾಲ ಕೊಟ್ಟು ಹಿಕ್ಕೆ ತಂದು ತೊಳೆದೆ. ಕೆಂಪು ಕುರಿಗಳಲ್ಲಿ ಬಂಗಾರದ ಕಾಳು ಎಷ್ಟೋ, ಹಳದಿ ಕುರಿಗಳಲ್ಲೂ ಅಷ್ಟೇ. ಪುಡಿ ತಿಂದವಕ್ಕೂ ತಿನ್ನದವಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ದಿನ ನಾನು ಎಷ್ಟು ಸಂತೋಷಪಟ್ಟೆನೆಂದರೆ, ಜರಡಿಯನ್ನು ನಾನೇ ತೊಳೆದೆ. ವರದಿ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಸುಂದರವಾದ ಗದ್ಯ ಮತ್ತೆ ಬರೆದಿಲ್ಲ. "ಮಾನ್ಯರ ಗಮನಕ್ಕೆ ವಿನಯಪೂರ್ವಕವಾಗಿ ತರಬಯಸುವುದೇನೆಂದರೆ" ಎಂದು ಆರಂಭವಾಗುತ್ತಿದ್ದ ಆ ವರದಿಯ ಒಂದೊಂದು ವಿನಯವೂ ಒಂದೊಂದು ಕೊಡಲಿ ಪೆಟ್ಟು. ಅಂಚೆಗೆ ಹಾಕುವ ಮೊದಲು ಹಟ್ಟಿಗೆ ಹೋಗಿ ಮುದುಕ ಮುದುಕಿಗೆ ಸುದ್ದಿ ಹೇಳಿ ಬರೋಣವೆನಿಸಿತು. ಗೆದ್ದವನಿಗೆ ಕೇಳುವ ಕಿವಿ ಬೇಕಲ್ಲ.

"ಪುಡಿ ಹಾಕಿದ ಕುರಿಗೂ ಹಾಕದ ಕುರಿಗೂ ಏನೇನೂ ಫರಕ ಇಲ್ಲ ಆಯಿ!" ಎಂದೆ.

"ಹಾಕದ್ದು ಯಾವದ್ರೀ?" ಎಂದಳು ಆಯಿ.

"ಹಳದಿ ನೂಲಿಂದು."

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮುತ್ಯಾ ದೂರದ ಬೇಲಿಯ ಕಡೆ ಬಹಳ ಆಸಕ್ತಿಯಿಂದ ನೋಡತೊಡಗಿದ.

"ಏನಾತು? ಹೇಳ್ರಿ."

"ಏನ್ ಹೇಳಲೆಪ್ಪಾ? ಒಂದ ಹಟ್ಟ್ಯಾಗ ಹುಟ್ಟಿದ ಜೀವ ಅವು. ಕೆಂಪ ನೂಲಿನವಕ್ಕ ಔಷಧ ಹಾಕೂ ಮುಂದ ಹಳದಿ ನೂಲಿನವು ಕುತಗಿ ಚಾಚಿ ನೋಡಕೋತ ನಿಲ್ಲತಿದ್ದು. ಪಂಗತ್ಯಾಗ ಒಬ್ಬರಿಗೆ ನೀಡಿ, ಬಾಜೂಕ ಕುಂತವರ ಎಲಿ ಖಾಲಿ ಬಿಡತಾರೇನು ಯಾರರೆ? ನೀವು ಬಿಡತೀರೇನು?"

"ಅಂದ್ರ ಎಲ್ಲಾಕ್ಕೂ ಹಾಕಿದಿ?"

"ಇದ್ದದ್ದರಾಗ ಅರ್ಧರ್ಧ ಮಾಡಿ ಹಾಕಿದೆ. ಯಾವದಕ್ಕೂ ಹೆಚ್ಚಿಲ್ಲ, ಯಾವದಕ್ಕೂ ಕಡಿಮಿಲ್ಲ. ಬೀರಪ್ಪನ ಆಣಿ."

ನಾನು ಸೈಕಲ್ ಏರಿ ಬೀಳಗಿಗೆ ಮರಳಿದೆ. ದಾರಿಯುದ್ದಕ್ಕೂ ವರದಿ ಕಿಸೆಯಲ್ಲಿ ಗರಗರ ಎನ್ನುತ್ತಿತ್ತು.

ಅದನ್ನು ಕಳಿಸಬಹುದಿತ್ತು. ಆಯಿ ಯಾರಿಗೂ ಹೇಳುವವಳಲ್ಲ. ಸಾಹೇಬರು ಹಟ್ಟಿಗೆ ಬಂದು ಕೇಳುವವರಲ್ಲ. ಬರೆದ ಅಂಕಿಗಳೆಲ್ಲ ನಿಜ; ಮೊಟ್ಟೆಗಳನ್ನು ನಾನು ಎಣಿಸಿದ್ದು ನಿಜ. ಪುಡಿ ನಿಷ್ಪ್ರಯೋಜಕ ಎಂಬುದೂ ನಿಜವೇ ಇರಬೇಕೆಂದು ನನ್ನ ಪ್ರತಿಯೊಂದು ಎಲುಬು ಹೇಳುತ್ತಿತ್ತು. ಆದರೆ ಆ ಪರೀಕ್ಷೆಯಲ್ಲಿ ಪುಡಿ ತಿನ್ನದ ಕುರಿಯೇ ಇರಲಿಲ್ಲ, ಪೂರ್ತಿ ತಿಂದ ಕುರಿಯೂ ಇರಲಿಲ್ಲ. ವರದಿ ಕಳಿಸಿದರೆ ಸಾಹೇಬರು ನನ್ನ ಮಾತನ್ನು ನಂಬಬೇಕಾಗುತ್ತಿತ್ತು, ಅವರ ಮಾತನ್ನು ನಾನು ನಂಬಬೇಕೆಂದು ಅವರು ಬಯಸಿದ ಹಾಗೆಯೇ. ಆಗ ನನಗೂ ಅವರಿಗೂ ಇರುವ ಅಂತರ ಸಂಬಳದ್ದು ಮಾತ್ರ. ಜೊತೆಗೆ, ಇದೇ ಮುಖ್ಯ, ಎಂದಾದರೊಂದು ದಿನ ಈ ಸಂಗತಿ ಹೊರಬಿದ್ದರೆ ಆ ಸಾಹೇಬ ಸಭೆಯನ್ನೆಲ್ಲ ಮತ್ತೆ ನಗಿಸುತ್ತಾನೆ. ಅವನಿಗೆ ಬಿರುಕೇ ಕಾಣದಂಥ ಗೋಡೆ ಕಟ್ಟಬೇಕು. ನನ್ನನ್ನು ಪ್ರಾಮಾಣಿಕನನ್ನಾಗಿ ಉಳಿಸಿದ್ದು ಧರ್ಮಬುದ್ಧಿಯಲ್ಲ, ದ್ವೇಷ. ವರದಿಯನ್ನು ಹರಿದು ದವಾಖಾನೆಯ ಒಲೆಗೆ ಹಾಕಿದೆ. ಸೂಜಿ ಕುದಿಸುವ ನೀರು ಅದರಿಂದ ಸ್ವಲ್ಪ ಬೆಚ್ಚಗಾಯಿತು.

ಹೊಸ ಪರೀಕ್ಷೆಯಲ್ಲಿ ಯಾವ ಎಲೆಯೂ ಖಾಲಿ ಇರಬಾರದು. ಇದು ಆಯಿಯ ಷರತ್ತು. ಯೋಚಿಸಿದಷ್ಟೂ ಅದು ನನ್ನದೂ ಆಯಿತು. ಎಲ್ಲ ಕುರಿಗೂ ಒಂದೇ ಬಗೆಯ ಉಂಡೆ: ಒಂದೇ ಬಣ್ಣ, ಒಂದೇ ವಾಸನೆ, ಒಂದೇ ಗಾತ್ರ. ಒಳಗಿರುವುದು ಮಾತ್ರ ಬೇರೆ. ಒಂದು ಬಗೆಯಲ್ಲಿ ಸಾಹೇಬರ ಪುಡಿ. ಇನ್ನೊಂದರಲ್ಲಿ ಬಿಳಿ ಔಷಧ. ಹುಡುಕಿದಾಗ ನನ್ನ ಉಗ್ರಾಣದ ಮೂಲೆಯಲ್ಲಿ ಹಳೆಯ ದಾಸ್ತಾನಿನ ಒಂದೇ ಒಂದು ಡಬ್ಬಿ ಸಿಕ್ಕಿತು, ಇಪ್ಪತ್ತು ಕುರಿಗೆ ಸಾಲಿ ಒಂದು ಹಿಡಿ ಮಿಗುವಷ್ಟು. ಮೂರನೆಯದರಲ್ಲಿ ಬರೀ ಗೋಧಿ ತೌಡು. ಮೂರಕ್ಕೂ ಮಹಾಲಿಂಗಪುರದ ಪೇಟೆಯ ಕರೀ ಬೆಲ್ಲದ ಪಾಕ, ಮೂರಕ್ಕೂ ಕರ್ಪೂರ. ಯಾವುದು ಯಾವುದೆಂದು ಹಾಕುವವರಿಗೂ ಗೊತ್ತಿರಬಾರದು, ಎಣಿಸುವ ನನಗೂ ಗೊತ್ತಿರಬಾರದು.

ಹಾಗಾದರೆ ಉಂಡೆ ಕಟ್ಟುವವರು ಯಾರು? ನನ್ನ ಕಂಪೌಂಡರ್ ಕಟ್ಟಿದರೆ, ಡಾಕ್ಟರ್ ಹೇಳಿಕೊಟ್ಟಿದ್ದಾನೆ ಎನ್ನುತ್ತಾರೆ. ಯಾರಾದರೂ ಮೇಷ್ಟರು ಕಟ್ಟಿದರೆ, ಮೇಷ್ಟರು ಡಾಕ್ಟರರ ಗೆಳೆಯ ಎನ್ನುತ್ತಾರೆ. ಕೊನೆಗೆ ನಾನು ಮುಧೋಳದ ಬಸ್ಸು ಹತ್ತಿದೆ, ಜೋರಾಗಿ ನಕ್ಕ ಆ ಡಾಕ್ಟರನನ್ನು ಹುಡುಕಿಕೊಂಡು.

ಅವನು ಒಂದು ಬೇಟೆನಾಯಿಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ. ನನ್ನ ಮಾತನ್ನೆಲ್ಲ ಕೇಳಿ, ನಾಯಿಯನ್ನು ಬಿಟ್ಟು ನನ್ನನ್ನೇ ಪರೀಕ್ಷಿಸುವಂತೆ ನೋಡಿದ.

"ಅಲ್ಲೋ ಮಾರಾಯಾ, ನಾ ಸಾಹೇಬ್ರ ಮನಶಾ. ಗೊತ್ತೈತಿಲ್ಲೋ ನಿನಗ?"

"ಅದಕ್ಕ ಬಂದೇನಿ."

"ನಾ ಮೋಸ ಮಾಡಿದ್ರ?"

"ಮಾಡಾಕ ಬರದಂಗ ಮಾಡೂಣು. ಉಂಡಿ ಕಟ್ಟೂ ಮುಂದ ಮೂರೂ ಬಗೀ ಒಂದೊಂದು ಉಂಡಿ, ಅದರ ಜೋಡಿ ಬೆಲ್ಲಾ ಕಲಸದ ಮೂಲ ಪುಡಿ ಒಂದೊಂದು ಹಿಡಿ ತಗೊಂಡು, ಮೂರು ಬ್ಯಾರೆ ಬ್ಯಾರೆ ಉಪ್ಪಿನಕಾಯಿ ಬರಣ್ಯಾಗ ಹಾಕು. ಯಾವ ಉಂಡಿ ಡಬ್ಬಿಗೆ ಯಾವ ಬಣ್ಣದ ನೂಲು ಕಟ್ಟತೀಯೋ, ಅದರ ಬರಣಿಗೂ ಅದನ್ನ ಕಟ್ಟು. ಅರಗಿನ ಮುದ್ರಿ ಒತ್ತಿ ಸಾಹೇಬ್ರ ಕಪಾಟಿನ್ಯಾಗ ಇಡು. ಸಂ‌ಶಯ ಬಂದ್ರ ಯಾರರೆ ಉಂಡಿ ಒಡದು ನೋಡಲಿ."

ಅವನು ನಕ್ಕ, ಅದೇ ನಗೆ. "ಸಾಹೇಬ್ರು ಒಪ್ಪತಾರೇನು?"

ಸಾಹೇಬರು ಒಪ್ಪಿದರು. ಒಪ್ಪುವಂತೆ ನಾನು ಪತ್ರ ಬರೆದಿದ್ದೆ: ನನ್ನಂಥ ಅಲ್ಪಮತಿಗಳ ಬಾಯಿ ಶಾಶ್ವತವಾಗಿ ಮುಚ್ಚುವ ಸದವಕಾಶ ಎಂದು. ಕರೆಸಿಕೊಂಡು ಹೇಳಿದರು. "ಪುಡಿ ಗೆದ್ದರೆ ಎಲ್ಲ ಡಾಕ್ಟರುಗಳ ಎದುರಿಗೆ ಎದ್ದು ನಿಂತು ತಪ್ಪಾಯ್ತು ಅನ್ನಬೇಕು. ಬಿಳಿ ಔಷಧದ ಮಾತು ಇನ್ನು ಎತ್ತಕೂಡದು."

"ಸೋತರೆ ಸಾರ್? ಬಿಳಿ ಔಷಧಕ್ಕೆ ತಾವು ಬೇಡಿಕೆ ಬರೀತೀರಾ?"

"ಸೋಲೋದಿಲ್ಲ ಕಣ್ರೀ." ಅದರಲ್ಲಿ ಠೀವಿ ಇರಲಿಲ್ಲ. ಮನುಷ್ಯ ನಿಜವಾಗಿಯೂ ನಂಬಿದ್ದ. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಕಳ್ಳನಾದರೆ ಒಂದು ಕಡೆ ನಿಲ್ಲುತ್ತಾನೆ. ನಂಬಿದವನು ಹಿಂಡಿಗೆ ಹಿಂಡೇ ಸಾಯುವ ತನಕ ನಿಲ್ಲುವುದಿಲ್ಲ.

ಮುಧೋಳದಿಂದ ಕೆಂಪು, ಹಳದಿ, ಹಸಿರು ನೂಲು ಕಟ್ಟಿದ ಮೂರು ಡಬ್ಬಿ ಬಂದವು. ಕಂಪೌಂಡರ್ ಒಂದೊಂದನ್ನೂ ಮೂಸಿ, ಮೂರೂ ಲಗ್ನದ ಲಾಡುವಿನಂತೆಯೇ ಇವೆ ಎಂದು ತೀರ್ಪು ಕೊಟ್ಟ. ಕಿಂಡಿಯಲ್ಲಿ ಕುರಿಗಳಿಗೆ ಕೆಂಪು, ಹಳದಿ, ಹಸಿರು ಎಂದು ಸರದಿಯಂತೆ ಕೊರಳಹುರಿ ಕಟ್ಟಿದೆವು. ಅರವತ್ತಕ್ಕೂ ಉಂಡೆ ಸಿಕ್ಕಿತು, ಸಾಹೇಬರು ಹೇಳಿದ ಅಷ್ಟೂ ದಿನ. ಆಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಈಗ ಊಟ ಆತು ನೋಡ್ರಿ. ಮೊದಲ ಮಾಡಿದ್ದು ಊಟ ಅಲ್ಲ, ಅದು ಜಗಳ."

ಒಂದು ಭರವಸೆ ನಾನು ಕೊಡಬೇಕಾಯಿತು: ಯಾವ ಉಂಡೆ ಗೆದ್ದರೂ ಅದನ್ನು ಉಳಿದವಕ್ಕೂ ಕೊಡಿಸುತ್ತೇನೆ ಎಂದು. ಕೊಟ್ಟೆ.

ಕೆಲದಿನಗಳಲ್ಲಿ ಹಳದಿ ನೂಲಿನ ಒಂದು ಕುರಿ ಸತ್ತಿತು, ಎಲ್ಲಕ್ಕಿಂತ ಸೊರಗಿದ್ದ ಕುರಿ. ಅದು ಮರಿಯಿದ್ದಾಗ ಆಯಿ ತನ್ನ ಕಂಬಳಿಯೊಳಗೆ ಮಲಗಿಸಿಕೊಂಡು ಬೆಳೆಸಿದ್ದಳು. ನಾನು ಕೊಯ್ದು ನೋಡಿದೆ. ಉಂಡೆಯೊಳಗಿನ ಔಷಧದ ಕಾವನ್ನು ಆ ಬಡ ಶರೀರ ತಡೆಯಲಾರದೆ ಹೋಯಿತೆಂದೇ ಕಂಡಿತು. ಆಗ ನನಗೆ ಬಂದ ಮೊದಲ ಯೋಚನೆಯನ್ನು ಇದ್ದಂತೆ ಬರೆಯುತ್ತೇನೆ: ಹಳದಿಯೇ ಸಾಹೇಬರ ಪುಡಿಯಾಗಿರಲಿ. ನಿಷ್ಪ್ರಯೋಜಕ ಮಾತ್ರವಲ್ಲ, ವಿಷವೂ ಹೌದು ಎಂದಾದರೆ ಎಷ್ಟು ಚೆಂದ!

ಆಮೇಲೆ ಹಿಕ್ಕೆ ತೊಳೆದು ಎಣಿಸಲು ಕುಳಿತೆ. ಕೆಂಪು ಕುರಿಗಳು: ಬಂಗಾರದ ಕಾಳು ಮೊದಲಿದ್ದಷ್ಟೇ. ಹಸಿರು ಕುರಿಗಳು: ಅಷ್ಟೇ. ಹಳದಿ ಕುರಿಗಳು: ಒಂದರ ಮೇಲೊಂದು ಗಾಜು ಇಟ್ಟೆ, ಬರೀ ನೀಲಿ. ಕಿಟಕಿಯ ಬಿಸಿಲು ಸರಿಯಿತು, ನಾನೂ ಸರಿದೆ, ಮತ್ತೆ ನೋಡಿದೆ. ನೀಲಿ. ಹಳದಿ ಗೆದ್ದಿತ್ತು.

ನನ್ನ ಎರಡು ಆಸೆಗಳು ಒಂದೇ ಬರಣಿಯಲ್ಲಿ ಇರಲಾರವು ಎಂದು ಆಗ ಹೊಳೆಯಿತು. ಹಳದಿ ಸಾಹೇಬರದಾಗಿದ್ದರೆ ಅದು ಒಂದು ಕುರಿಯನ್ನು ಕೊಂದಿದೆ, ಆದರೆ ಹತ್ತೊಂಬತ್ತನ್ನು ವಾಸಿ ಮಾಡಿದೆ. ನಾನು ಎದ್ದು ನಿಂತು ತಪ್ಪಾಯ್ತು ಅನ್ನಬೇಕು. ಸಾಹೇಬರದಲ್ಲದಿದ್ದರೆ, ಆಯಿಯ ಕುರಿಯನ್ನು ಕೊಂದದ್ದು ನನ್ನ ಔಷಧ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಮುಧೋಳದವನು ಎದುರಾದ.

"ಏನಪಾ ಟೆಸ್ಟ್ ಡಾಕ್ಟರ್, ಮಾರಿ ಯಾಕ ಬಾಡೈತಿ? ಹಳದಿ ಯಾವದು ಹೇಳಲೇನು?"

"ಬಾಯಿ ಬಿಟ್ಟೀ ಅಂದ್ರ ನೋಡು!" ಎಂದು ನಾನು ಎರಡೂ ಕಿವಿ ಮುಚ್ಚಿಕೊಂಡು ಚಹಾದಂಗಡಿಯೊಳಗೆ ನುಗ್ಗಿದೆ. ಜನ ತಿರುಗಿ ನೋಡಿದರು. ಅವನು ಕಂಬಕ್ಕೆ ಒರಗಿ ನಗುತ್ತ ನಿಂತಿದ್ದ.

ಅದೇ ಪ್ರವಾಸಿ ಬಂಗಲೆಯಲ್ಲಿ, ಅದೇ ಜನರ ಎದುರು, ನಾನು ಮೊದಲು ಮೂರು ಬಣ್ಣಗಳ ಎಣಿಕೆಯನ್ನು ಓದಿದೆ. ಸತ್ತ ಕುರಿಯದನ್ನೂ ಓದಿದೆ. ಆಮೇಲೆ ಬರಣಿಗಳನ್ನು ಮೇಜಿನ ಮೇಲೆ ಇಡಿಸಿ, ಅರಗನ್ನು ಸಾಹೇಬರೇ ಒಡೆಯಬೇಕೆಂದು ವಿನಂತಿಸಿದೆ. ಅದು ವಿನಂತಿಯಾಗಿರಲಿಲ್ಲ.

ಸಾಹೇಬರು ಹಸಿರು ಬರಣಿಯನ್ನು ಮೊದಲು ಒಡೆದು ಕಾಗದದ ಮೇಲೆ ಸುರಿದರು. ತೌಡು. ಎರಡನೆಯದಕ್ಕೆ ಅವರ ಕೈ ಹಳದಿಯ ಕಡೆಗೆ ಹೋಗಿ, ನಿಂತು, ಕೆಂಪಿನ ಕಡೆಗೆ ತಿರುಗಿತು. ಸುರಿದರು. ಕಪ್ಪು ಪುಡಿ.

ಮೂರನೆಯದನ್ನು ಒಡೆಯುವ ಅಗತ್ಯವಿರಲಿಲ್ಲ. "ಅದನ್ನೂ ಒಡೀರಿ ಸಾರ್" ಎಂದೆ. ಒಡೆದರು. ಬಿಳಿ.

ಸಾಹೇಬರು ತಮ್ಮ ಪುಡಿಯನ್ನು ಬೆರಳಲ್ಲಿ ಸವರಿ ನೋಡಿದರು. ಮೋರೆ ಸಣ್ಣದಾಯಿತು. ನಾನು ಕಾದಿದ್ದು ಅದಕ್ಕೇ. ಕಣ್ಣು ಮಿಟುಕಿಸದೆ ನೋಡಿದೆ.

"ನಾನು ಕಣ್ಣಾರೆ ನೋಡಿದ್ದೆ ಕಣ್ರೀ" ಎಂದರು ಮೆಲ್ಲಗೆ. "ಪುಡಿ ಕೊಟ್ಟ ಮೇಲೆ ಕುರಿಗಳು ಮೈ ತುಂಬಿಕೊಂಡವು."

"ತಾವು ಪುಡಿ ಕೊಟ್ಟದ್ದು ಯಾವಾಗ ಸಾರ್?"

"ಸುಗ್ಗಿ ಮುಗಿದ ಮೇಲೆ."

"ಆವಾಗ ಕುರಿ ಹೊಳೆದಂಡೆ ಬಿಟ್ಟು ಕೊಯ್ದ ಹೊಲಗಳಲ್ಲಿ ಮೇಯುತ್ತವೆ ಸಾರ್. ಉದುರಿದ ಜೋಳ ತಿಂದು ಮೈ ತುಂಬಿಕೊಳ್ಳುತ್ತವೆ, ಒಳಗೆ ಹುಳು ಇದ್ದರೂ. ಪುಡಿ ಕೊಡದವೂ ತುಂಬಿಕೊಂಡಿರುತ್ತವೆ. ನಾನು ಅಂದು ಕೇಳಿದ್ದು ಇದನ್ನೇ."

ಸಾಹೇಬರು ತಲೆಯೆತ್ತಿದರು. "ಆದರೂ ನನ್ನ ಪುಡಿ ಒಂದು ಕುರೀನೂ ಕೊಲ್ಲಲಿಲ್ಲ. ನಿಮ್ಮ ಔಷಧ ಕೊಂದಿದೆ."

"ನಿಜ ಸಾರ್. ತೌಡೂ ಕೊಲ್ಲಲಿಲ್ಲ."

ಮೂಲೆಯಿಂದ ಒಂದು ನಗೆ ಹೊರಟಿತು, ಹೊಟ್ಟೆಯಿಂದ ಹೊರಟು ಮೂಗಿನಿಂದ ಬರುವ ನಗೆ. ಆಮೇಲೆ ಸಭೆಯೆಲ್ಲ ನಕ್ಕಿತು, ಕಂಪೌಂಡರುಗಳೂ ನಕ್ಕರು. ಆ ಹೊತ್ತಿಗೆ ನನಗೆ ಮರುಕ ಹುಟ್ಟಿತು ಎಂದು ಬರೆದರೆ ಓದುಗರು ಮೆಚ್ಚಿಯಾರು. ಹುಟ್ಟಲಿಲ್ಲ. ಕಾಗದ, ಮಸಿಪೆನ್ನು ಮುಂದಿಟ್ಟೆ. ಸಾಹೇಬರು ತಮ್ಮ ಕೈಯಿಂದಲೇ ಕಪ್ಪು ಪುಡಿಗೂ ತೌಡಿಗೂ ವ್ಯತ್ಯಾಸ ಕಾಣಲಿಲ್ಲವೆಂದು ಬರೆದು, ಬಿಳಿ ಔಷಧಕ್ಕೆ ಬೇಡಿಕೆ ಹಾಕಿ ಸಹಿ ಮಾಡಿದರು. ತೀರ ಸೊರಗಿದ ಕುರಿಗಳಿಗೆ ಪ್ರಮಾಣ ಕಡಿಮೆ ಮಾಡತಕ್ಕದ್ದು ಎಂಬ ಸಾಲನ್ನೂ ಸೇರಿಸಬೇಕೆಂದೆ. ಅದನ್ನೂ ಬರೆದರು. ಅಷ್ಟರ ಮಟ್ಟಿಗೆ ಗಟ್ಟಿ ಮನುಷ್ಯ.

ಹಟ್ಟಿಗೆ ಹೋಗಿ ಹೇಳಿದೆ. "ಹಳದಿ ಗೆದ್ದತಿ ಆಯಿ. ನಿನ್ನ ಕುರೀನ ಕೊಂದದ್ದೂ ಹಳದಿನ."

"ಉಳದವಕ್ಕ ಯಾವಾಗ ಹಾಕತೀರಿ?" ಎಂದಳು ಆಯಿ.

"ಬಂದ ಕೂಡಲೆ."

"ಯಾವಾಗ ಬರತೈತಿ?"

ಬೇಡಿಕೆಯ ಕಾಗದ ಸಾಹೇಬರ ಕಚೇರಿಯಿಂದ ಮೇಲಕ್ಕೆ ಹೋಯಿತು. ಅಲ್ಲಿಂದ ಇನ್ನೂ ಮೇಲಕ್ಕೆ ಹೋಯಿತು. ನಾನು ವಾರಕ್ಕೊಂದು ನೆನಪೋಲೆ ಬರೆದೆ. ಎರಡು ಸಲ ಖುದ್ದಾಗಿ ಹೋಗಿ ಬಂದೆ. ದೊಡ್ಡ ಸಾಹೇಬರೂ ಒಂದು ಸಲ ಹೋದರು ಎಂದು ಗುಮಾಸ್ತರು ಹೇಳಿದರು.

ಔಷಧ ಬೀಳಗಿಗೆ ಬಂದದ್ದು ಮಳೆ ಹಿಡಿದ ಮೇಲೆ. ಆ ಹೊತ್ತಿಗೆ ಮುತ್ಯಾನ ಹಟ್ಟಿಯಲ್ಲಿ ಪುಡಿಯ ಉಂಡೆ ತಿಂದ ಇಪ್ಪತ್ತು ಕುರಿಗಳಲ್ಲಿ ನಾಲ್ಕು ಸತ್ತಿದ್ದವು. ತೌಡಿನ ಉಂಡೆ ತಿಂದ ಇಪ್ಪತ್ತರಲ್ಲಿಯೂ ನಾಲ್ಕು.